ಖಾಲಿ ಎನ್ನಬಾರದ ಮನೆ

"ಬೇರೆ ಏನ್ ಬೇಕಾದ್ರೂ ಅನ್ನು ದೊಂಗ್. ಆ ಮಾತೊಂದು ಮಾತ್ರ ಈ ಮನೇಲಿ ಆಡ್ಬೇಡ," ಎಂದರು ಪಾನಿಂಗ್ ಅತ್ತೆ, ಕಿರಿಯ ಗಂಡಸರನ್ನು ಅವರ ಕಡೆ ಕರೆಯುವಂತೆ ಅಳಿಯನನ್ನು ದೊಂಗ್ ಎಂದು ಕರೆದು.

ಎಡ್ಸೆಲ್ ನಕ್ಕ. ಯಾವ ಮಾತು ಎಂದು ಅತ್ತೆ ಬಾಯಿಬಿಟ್ಟು ಹೇಳುವಂತಿರಲಿಲ್ಲ, ಅವನೂ ಕೇಳಬೇಕಾಗಿರಲಿಲ್ಲ. ಮನಿಲಾ ಬಿಟ್ಟು, ಏಳು ತಿಂಗಳ ಬಸುರಿ ಹೆಂಡತಿ ಮರಿಫೆಯನ್ನು ಅವಳ ತವರಿಗೆ ಕರೆತಂದು ಮೂರು ವಾರವಾಗಿತ್ತು. ಅಷ್ಟರಲ್ಲೇ ಈ ಮನೆಯ ವಿಚಿತ್ರ ಅವನಿಗೆ ಪಾಠವಾಗಿತ್ತು. ಅಕ್ಕಿಯ ಡಬ್ಬದಲ್ಲಿ ತಳ ಕಂಡರೆ ಇವರು "ಅಕ್ಕಿಗೆ ಹೋಗ್ಬೇಕು" ಎನ್ನುತ್ತಿದ್ದರು. ಹೂಜಿ ಬತ್ತಿದರೆ "ಹೂಜಿ ಕರೀತಿದೆ" ಎನ್ನುತ್ತಿದ್ದರು. ಜನರಿಲ್ಲದ ಜೀಪ್ನಿ ಬಸ್ಸು ಬಾಗಿಲ ಮುಂದೆ ಹಾದುಹೋದರೆ "ಬೇಕಾದಷ್ಟು ಜಾಗ ಇದೆ" ಎನ್ನುತ್ತಿದ್ದರು. ಖಾಲಿ ಎಂಬ ಒಂದು ಪದವನ್ನು ಬಳಸದೆ ಇಬ್ಬರು ಹೆಂಗಸರು ಇಡೀ ಸಂಸಾರ ನಡೆಸುತ್ತಿದ್ದರು.

ಕಾರಣ ದೇವರ ಗೂಡಿನ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ನೇತಾಡುತ್ತಿತ್ತು. ಮಾವ ಗೌದೆನ್ಸಿಯೊ ಹಿತ್ತಲ ಕೊಟ್ಟಿಗೆಯಲ್ಲಿ ಕೂತು ಅರದಿಂದ ಉಜ್ಜಿ ಉಜ್ಜಿ ಮಾಡಿದ ರಿವಾಲ್ವರ್ ಅದು. ಸೆಬು ದ್ವೀಪದ ಆ ಕರಾವಳಿಯಲ್ಲಿ ಅಂಥ ಕಸುಬು ಅಪ್ಪನಿಂದ ಮಗನಿಗೆ ಬರುವಂಥದ್ದು. ಈಗ ಚೀಲದ ಒಳಗೆಲ್ಲ ಬೆವರು, ಹಿಡಿಯ ಸುತ್ತ ತುಕ್ಕು. ಅತ್ತೆ ವರ್ಷಕ್ಕೊಮ್ಮೆ, ಈಸ್ಟರ್ ಬೆಳಿಗ್ಗೆ, ಅದನ್ನು ಅಂಗಳಕ್ಕೆ ಒಯ್ಯುತ್ತಿದ್ದರು. ನಳಿಗೆಯನ್ನು ಮರಳು ತುಂಬಿದ ಪೀಪಾಯಿಗೆ ಒತ್ತಿ, "ಇದ್ದೀಯಾ?" ಎಂದು ಮಾತಾಡಿಸಿ, ತೆರೆಯದೆ ಮೇಲಷ್ಟೇ ಎಣ್ಣೆ ಸವರಿ ಮತ್ತೆ ನೇತುಹಾಕುತ್ತಿದ್ದರು.

ಎಡ್ಸೆಲ್‌ಗೆ ಮೈ ಉರಿಯುತ್ತಿದ್ದುದು ಇದಕ್ಕೇ. ಹತ್ತು ವರ್ಷದಿಂದ ಅವನು ಕಾವಲುಗಾರರಿಗೆ ಬಂದೂಕು ಹಿಡಿಯುವುದನ್ನು ಕಲಿಸುವವನು. ಸೋಮವಾರ ಸೆಬು ನಗರದ ಕಂಪನಿಯೊಂದರಲ್ಲಿ ಹೊಸ ಕೆಲಸ ಶುರುವಾಗುವುದಿತ್ತು. ಹುಟ್ಟುವ ಮಗುವಿನ ತಲೆಯ ಮೇಲೆ ತುಕ್ಕು ಹಿಡಿದ ಬಂದೂಕು ತೂಗುವುದೆಂದರೇನು?

"ಕತೆ ಪೂರ್ತಿ ಕೇಳಿಸ್ಕೋ ಲಂಗ್ಗಾ," ಎಂದಿದ್ದಳು ಮರಿಫೆ. ಗಂಡನನ್ನು ಪ್ರೀತಿಯಿಂದ ಕರೆಯುವ ಅವರ ಕಡೆಯ ಮಾತು ಅದು. "ನಾನಾಗ ತೊಟ್ಟಿಲಲ್ಲಿದ್ದೆ. ಅಪ್ಪ ಕುಡಿದು, ಇದೇ ಮೇಜಿನ ಮೇಲೆ ಅದನ್ನ ಒರೆಸ್ತಾ ಕೂತಿದ್ರಂತೆ. ಗುಂಡು ಹಾರಿ ಪಕ್ಕದ್ಮನೆ ಬಸಿಲಿಸಾಳ ಮಗಳಿಗೆ ಬಿತ್ತು. ಬಟ್ಟೆ ಒಣಗಿಸ್ತಾ ಇದ್ದೋಳು, ಕೈಲಿ ಕ್ಲಿಪ್ಪು ಹಿಡ್ಕೊಂಡೇ ಹೋದ್ಲು. ಅಪ್ಪ ಪೋಲೀಸರಿಗೆ, ಒಳಗೇನೂ ಇರ್ಲಿಲ್ಲ, ನಾನೇ ನೋಡಿದ್ದೆ ಅಂದ್ರು. ನೋಡಿರ್ಲಿಲ್ಲ. ಊರಿಗೆಲ್ಲಾ ಗೊತ್ತು."

ಬಸಿಲಿಸಾ ಬಿದಿರ ಕೊಳವೆಯಲ್ಲಿ ಜೀರುಂಡೆ ಸಾಕುತ್ತಿದ್ದ ಹೆಂಗಸು. ಅವಳಿಗೆ ಆಗದವರ ಹೊಟ್ಟೆಯೊಳಗೆ ಅವು ಹರಿದಾಡುತ್ತವೆ ಎಂದು ಊರೇ ನಡುಗುತ್ತಿತ್ತು. ಮಗಳ ಮಣ್ಣು ಮುಗಿಸಿ ಬಂದವಳು ಕೊಳವೆಯ ಬಾಯನ್ನು ರಿವಾಲ್ವರಿನ ಬಾಯಿಗೆ ಇಟ್ಟು ಹೇಳಿದಳಂತೆ: "ಖಾಲಿ ಅಂದ್ಯಲ್ಲ ಗೌದೆ. ಇನ್ಮೇಲೆ ಈ ಮನೇಲಿ ಹಾಗಂದವನ ಕೈಯಲ್ಲಿ ಇದು ತುಂಬಿರುತ್ತೆ. ನಿಮ್ಮೋರನ್ನೇ ಹುಡುಕುತ್ತೆ. ನೋಡ್ಲಿಲ್ಲ, ತಪ್ಪು ನಂದು ಅಂತ ಈ ಮನೆ ಗಂಡಸು ಪೋಲೀಸ್ ಪುಸ್ತಕದಲ್ಲಿ ಬರೆಸೋವರೆಗೂ ಹುಡುಕುತ್ತೆ."

ಎಂಟು ವರ್ಷದ ಹಿಂದೆ ಮರಿಫೆಯ ಅಣ್ಣ ಅದನ್ನು ಬಿಚ್ಚಿದ. ಆ ಮಾತು ಆಡಿದ. ಗುಂಡು ಗೌದೆನ್ಸಿಯೊನ ಕುತ್ತಿಗೆಗೆ ಬಿದ್ದು ಅವನು ಅಲ್ಲೇ ಸತ್ತ. ಅಣ್ಣನೂ ಪೋಲೀಸರಿಗೆ ಅಪ್ಪ ಹೇಳಿದ್ದನ್ನೇ ಹೇಳಿ, ಹಡಗು ಹತ್ತಿದವನು ಮತ್ತೆ ಊರಿನ ಕಡೆ ತಲೆ ಹಾಕಿರಲಿಲ್ಲ. ಬಸಿಲಿಸಾ ಈಗ ಬದುಕಿರಲಿಲ್ಲ.

"ನೋಡಿದ್ದೆ ಅಂತ ಎಲ್ರೂ ಹೇಳ್ತಾರೆ ಫೆ," ಎಂದಿದ್ದ ಎಡ್ಸೆಲ್. "ಯಾರೂ ನೋಡಿರಲ್ಲ. ಇದಕ್ಕೆ ಮಾಟ ಯಾಕೆ ಬೇಕು? ಸೋಮಾರಿತನ ಸಾಕು."

ಅವನು ಬಂದೂಕು ಇಳಿಸಿದ್ದು ಗುಡ್ ಫ್ರೈಡೇ ಮಧ್ಯಾಹ್ನ. ಊರಿನಲ್ಲಿ ಅಂದು ಯಾರೂ ಸ್ನಾನ ಮಾಡುವುದಿಲ್ಲ, ಮೊಳೆ ಹೊಡೆಯುವುದಿಲ್ಲ, ಕಬ್ಬಿಣ ಮುಟ್ಟುವುದಿಲ್ಲ. ಮೂರು ಗಂಟೆಗೆ ದೇವರು ಸತ್ತಿರುತ್ತಾನೆ, ಕೂಗಿದರೆ ಕೇಳುವವರಿಲ್ಲ. ಅಂದು ಮಾಡಿದ ಗಾಯ ಮಾಯುವುದಿಲ್ಲ ಎನ್ನುತ್ತಾರೆ. ಎಡ್ಸೆಲ್‌ಗೆ ಅದು ರಜಾದಿನ, ಅಷ್ಟೆ. ಅತ್ತೆ ಚರ್ಚಿಗೆ ಹೋಗಿದ್ದರು. ಮರಿಫೆ ಪ್ಲೈವುಡ್ ಗೋಡೆಯ ಆಚೆ ಮಲಗಿದ್ದಳು. ಬಿಸಿಲಿಗೆಂದು ಬೀದಿಯ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಅಂಗಳದ ಕಿಟಕಿಯೊಂದನ್ನು ಅವನು ತೆರೆದಿಟ್ಟ, ಎಣ್ಣೆಯ ಆವಿ ಹೊರಗೆ ಹೋಗಲೆಂದು. ಎಲ್ಲೋ ಧ್ವನಿವರ್ಧಕದಲ್ಲಿ ಮುದುಕಿಯರು ಯೇಸುವಿನ ಸಾವಿನ ಹಾಡನ್ನು ರಾಗವಾಗಿ ಎಳೆಯುತ್ತಿದ್ದರು.

ಎಡ್ಸೆಲ್ ಎಲ್ಲವನ್ನೂ ಕ್ರಮಪ್ರಕಾರ ಮಾಡಿದ. ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿದ. ಮನೆಯಲ್ಲಿ ಒಂದೂ ತೋಟಾ ಇಲ್ಲವೆಂದು ಡ್ರಾಯರ್‌ಗಳನ್ನೆಲ್ಲ ತೆಗೆದು ಖಾತರಿ ಮಾಡಿಕೊಂಡ. ನಳಿಗೆಯನ್ನು ಅಂಗಳದ ಮರಳ ಪೀಪಾಯಿಯ ಕಡೆ ತಿರುಗಿಸಿ, ಬೆರಳನ್ನು ಟ್ರಿಗರಿನ ಹೊರಗಿಟ್ಟು, ಗುಂಡು ತುಂಬುವ ಚಕ್ರವನ್ನು ಪಕ್ಕಕ್ಕೆ ಬಿಚ್ಚಿದ. ಗುಂಡು ಕೂರುವ ಆರು ಮನೆ. ಆರರಲ್ಲೂ ಬೆಳಕು ಕಂಡಿತು. ಕಣ್ಣಿಗೆ ಮೋಸವಾಗಬಹುದು, ಬೆರಳಿಗೆ ಆಗುವುದಿಲ್ಲ ಎಂದು ಶಿಷ್ಯರಿಗೆ ಹೇಳುತ್ತಿದ್ದವನು, ಒಂದೊಂದು ಮನೆಯೊಳಗೂ ಕಿರುಬೆರಳು ತೂರಿಸಿ ನೋಡಿದ.

"ಖಾಲಿ," ಎಂದ. ಬೇಕೆಂದೇ, ಸ್ವಲ್ಪ ಜೋರಾಗಿಯೇ ಎಂದ.

ಏನೂ ಆಗಲಿಲ್ಲ. ಅವನಿಗೆ ನಗು ಬಂತು.

ಉದ್ದ ಕಡ್ಡಿಗೆ ಬ್ರಷ್ ಸಿಕ್ಕಿಸಿ, ಕೊಳೆ ಬಿಡಿಸುವ ಎಣ್ಣೆಯಲ್ಲಿ ಅದ್ದಿ, ನಳಿಗೆಯೊಳಗೆ ಆಡಿಸಿದ. ಮೂಗಿಗೆ ಹತ್ತುವ ಘಾಟು ಎದ್ದಿತು. ಆಮೇಲೆ ಬಿಳಿ ಬಟ್ಟೆಯ ತುಂಡು ತೂರಿಸಿದ. ಕಪ್ಪಾಗಿ ಹೊರಬಂತು. ಎರಡನೆಯದೂ ಕಪ್ಪು. ನಾಲ್ಕೈದು ತುಂಡಿಗೆ ಬೆಳ್ಳಗಾಗಬೇಕು. ಒಂಬತ್ತನೆಯದರಲ್ಲಿ ಜೀರುಂಡೆಯ ರೆಕ್ಕೆಯೊಂದು ಅಂಟಿಕೊಂಡಿತ್ತು. ಹತ್ತನೆಯದರಲ್ಲಿ ಮೊಳದುದ್ದದ ಹೆಣ್ಣುಗೂದಲು ಬಂತು, ತುದಿ ಇನ್ನೂ ಒದ್ದೆ. ಹುಳು ಗೂಡು ಕಟ್ಟಿರಬೇಕು ಎಂದುಕೊಂಡ. ಕೂದಲಿಗೆ ಏನು ಅಂದುಕೊಳ್ಳಬೇಕೋ ಹೊಳೆಯಲಿಲ್ಲ.

ಚಕ್ರ ಮುಚ್ಚಿ, ಬಂದೂಕನ್ನು ಅಂಗಳದ ಕಡೆ ಮುಖ ಮಾಡಿಟ್ಟು ಸವರುವ ಎಣ್ಣೆ ತರಲು ಎದ್ದ. ಮೂರು ಹೆಜ್ಜೆ ಹೋಗಿ ಬಂದ. ನಳಿಗೆ ಪ್ಲೈವುಡ್ ಗೋಡೆಗೆ ಮುಖ ಮಾಡಿತ್ತು.

ಕೈ ತಗುಲಿರಬೇಕು. ತಿರುಗಿಸಿಟ್ಟ. ಬಟ್ಟೆಗೆ ಒಂದೇ ಹನಿ ಎಣ್ಣೆ ಬಿಟ್ಟುಕೊಂಡು ತಲೆಯೆತ್ತಿದ. ಮತ್ತೆ ಗೋಡೆಗೇ. ಅದರಾಚೆ ಮರಿಫೆಯ ಮಂಚ ಕಿರುಗುಟ್ಟಿತು. ಬಸುರಿ ನಿದ್ದೆಯಲ್ಲಿ ಮಗ್ಗುಲಾಗಿದ್ದಳು.

ಎಡ್ಸೆಲ್, ಹೆದರಿದ್ದೇನೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ, ಸಿಟ್ಟಿನಿಂದ ಬಂದೂಕು ಎತ್ತಿ ಚಕ್ರ ಬಿಚ್ಚಿದ. ಐದು ಮನೆಯಲ್ಲಿ ಬೆಳಕು ಕಂಡಿತು. ಆರನೆಯದರಲ್ಲಿ ಹಿತ್ತಾಳೆ.

ತೋಟಾ ಬೆಚ್ಚಗಿತ್ತು. ತೆಗೆದು ಕಾಫಿ ಡಬ್ಬದೊಳಗೆ ಹಾಕಿ ಮುಚ್ಚಳ ಬಿಗಿದ. ಚಕ್ರ ನೋಡಿದ. ಇನ್ನೊಂದು ತೋಟಾ. ಅದನ್ನೂ ತೆಗೆದ. ಮುಚ್ಚಳ ತೆರೆದ. ಡಬ್ಬದಲ್ಲಿ ತೋಟಾ ಇರಲಿಲ್ಲ. ಒಂದು ಜೀರುಂಡೆ ಅಂಗಾತ ಬಿದ್ದು ಕಾಲಾಡಿಸುತ್ತಿತ್ತು.

ಆಗ ಹಾಡು ನಿಂತಿತು. ಮೂರು ಗಂಟೆ.

ನಾಯಿ ಬೊಗಳಲಿಲ್ಲ. ಕೋಳಿ ಕೂಗಲಿಲ್ಲ. ತೆರೆದ ಕಿಟಕಿಯಿಂದ ಬರುತ್ತಿದ್ದ ಬೆಳಕು ಬೂದಿಯಾಯಿತು. ಎಣ್ಣೆಯ ಘಾಟಿನ ಕೆಳಗಿನಿಂದ ಬೇರೆ ವಾಸನೆ ಎದ್ದಿತು. ಒಗೆದ ಬಟ್ಟೆಯ ಸೋಪು. ಅದರ ಜೊತೆ ರಕ್ತ.

ಚಕ್ರ ತಾನೇ ಮುಚ್ಚಿಕೊಂಡಿತು. ಒಳಗೆ ಏನೋ ನಡೆದಾಡಿತು. ಬಿದಿರಿನೊಳಗೆ ಉಗುರು ಗೀಚಿದ ಸದ್ದು. ಬಂದೂಕು ಕೆಳಗಿಡಲು ನೋಡಿದ. ಬೆರಳು ಬಿಚ್ಚಲಿಲ್ಲ. ತೋರುಬೆರಳು ಎಲ್ಲಿದೆ? ಹೊರಗಿರಬೇಕಾದ ಬೆರಳು. ಒಳಗಿತ್ತು. ಟ್ರಿಗರಿನ ಮೇಲಿತ್ತು. ಗುಂಡಿಗೆ ಬಡಿಯುವ ಹಿಂಬದಿಯ ಕೊಕ್ಕೆ ಮೆಲ್ಲಗೆ ಏಳುತ್ತಿತ್ತು.

"ಲಂಗ್ಗಾ? ಯಾರ ಜೊತೆ ಮಾತಾಡ್ತಿದ್ದೀಯ?"

ಅವನು ಮಾತಾಡಿರಲಿಲ್ಲ.

"ಫೆ, ಏಳ್ಬೇಡ. ಕೆಳಗೆ ಮಲಕ್ಕೋ. ನೆಲದ ಮೇಲೆ."

"ಏನಾಯ್ತು?" ಚಪ್ಪಲಿಯ ಸದ್ದು. ಎದ್ದಿದ್ದಳು. ಬಾಗಿಲ ಕಡೆ ಬರುತ್ತಿದ್ದಳು. ಸದ್ದು ಹೋದತ್ತ ನಳಿಗೆ ಹೋಯಿತು. ಅವನ ಕೈಯಲ್ಲಿದ್ದೇ ಹೋಯಿತು. ಒಂದು ಹೆಜ್ಜೆ. ನಳಿಗೆ ಒಂದು ಬೆರಳಷ್ಟು ಸರಿಯಿತು. ಇನ್ನೊಂದು ಹೆಜ್ಜೆ. ಇನ್ನೊಂದು ಬೆರಳು. ಅವಳು ನಿಂತಳು. ಅದೂ ನಿಂತಿತು. ಅವಳ ಹೊಟ್ಟೆಯ ಎತ್ತರಕ್ಕೆ ನಿಂತಿತು.

ಹತ್ತು ವರ್ಷ ಯಾರಿಗೂ ಮಾಡಬೇಡಿ ಎಂದು ಕಲಿಸಿದ್ದನ್ನು ಎಡ್ಸೆಲ್ ಮಾಡಿದ. ಎಡಗೈಯನ್ನು ನಳಿಗೆಯ ಬಾಯಿಗೆ ಮುಚ್ಚಿ ಹಿಡಿದ. ಮೈಯ ಭಾರವನ್ನೆಲ್ಲ ಹಾಕಿ ಕೆಳಕ್ಕೆ ಜಗ್ಗಿದ. ಮೇಜು ಮಗುಚಿತು. ಬಂದೂಕು ಸಿಡಿಯಿತು.

ಗುಂಡು ಮಣ್ಣಿನ ನೆಲದಲ್ಲಿ ಹೂತಿತ್ತು. ಎಡಗೈಯ ಎರಡು ಬೆರಳು ಪತ್ರಿಕೆಯ ಮೇಲಿದ್ದವು. ಬಾಗಿಲಲ್ಲಿ ನಿಂತಿದ್ದ ಮರಿಫೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಪೋಲೀಸ್ ಸಾರ್ಜೆಂಟ್ ಕಬಾಹುಗ್ ಬಂದರು. ಒಳ್ಳೆಯ ಮನುಷ್ಯ, ಸ್ವಲ್ಪ ದಪ್ಪ, ನಾಳೆಯ ಹಬ್ಬದ ಊಟದ ಯೋಚನೆಯಲ್ಲಿದ್ದವರು. ಬಂದೂಕನ್ನು ಬಿಚ್ಚಿ ನೋಡಿ, ತಮ್ಮ ಚೀಲದೊಳಗೆ ಹಾಕಿ, ಆ ಮೇಜಿನ ಮೇಲೇ ಇಟ್ಟು ದಪ್ಪ ಪುಸ್ತಕ ತೆರೆದರು. ಎದುರಿನ ಕುರ್ಚಿಯಲ್ಲಿ ಮರಿಫೆ ಕೂತಿದ್ದಳು. ಅತ್ತೆ ಗೋಡೆಗೆ ಒರಗಿ ಜಪಮಾಲೆ ಹಿಡಿದಿದ್ದರು. ಮಣಿ ಮುಂದೆ ಹೋಗುತ್ತಿರಲಿಲ್ಲ.

"ನೀವು ಗಾರ್ಡುಗಳಿಗೆ ಕಲ್ಸೋರಂತೆ," ಎಂದರು ಸಾರ್ಜೆಂಟ್. "ನೋಡ್ದೆ ಮುಟ್ಟೋರಲ್ಲ ಬಿಡಿ. ಒಳಗೆ ಖಾಲಿ ಇತ್ತು, ನೋಡೇ ಹಿಡ್ದಿದ್ದು, ಹಳೇ ಮಾಲು ಕೈ ಕೊಡ್ತು ಅಂತ ಬರ್ಕೊಳ್ಳೋಣ. ನಿಮಗೂ ತೊಂದ್ರೆ ಇರಲ್ಲ. ಸೈನ್ ಹಾಕ್ತೀರಾ?"

ಎಡ್ಸೆಲ್‌ನ ನಾಲಿಗೆಯ ತುದಿಯಲ್ಲಿ 'ಹೌದು' ಇತ್ತು. ಯಾಕಿರಬಾರದು? ಅದು ನಿಜವಲ್ಲವೇ? ಅವನು ನೋಡಿದ್ದ. ಕಣ್ಣಾರೆ ನೋಡಿದ್ದ, ಬೆರಳಿಟ್ಟು ನೋಡಿದ್ದ. ಆ ಮನೆಯಲ್ಲಿ ನಿಜವಾಗಿ ನೋಡಿದ ಗಂಡಸು ಅವನೊಬ್ಬನೇ. ಬೇರೆ ಯಾವುದರಲ್ಲಿ ಸೋತರೂ ಇದರಲ್ಲಿ ಅವನು ಸೋತಿರಲಿಲ್ಲ. ಹೊಟ್ಟೆಪಾಡೂ ಅದೇ, ಹೆಮ್ಮೆಯೂ ಅದೇ.

ಚೀಲದೊಳಗೆ ಏನೋ ಗೀಚಿತು.

ಸಾರ್ಜೆಂಟ್‌ಗೆ ಕೇಳಿಸಲಿಲ್ಲ. ಅತ್ತೆಗೆ ಕೇಳಿಸಿತು. ಮೇಜಿನ ಮೇಲೆ ಚೀಲ ಒಂದಿಷ್ಟು ಸರಿಯಿತು. ಮತ್ತೊಂದಿಷ್ಟು ಸರಿಯಿತು. ಅದರ ಮೂತಿ ಮರಿಫೆಯ ಕಡೆ ತಿರುಗಿತು.

"ಹಾಗ್ ಬರೀಬೇಡಿ," ಎಂದ ಎಡ್ಸೆಲ್.

"ಮತ್ತೆ?"

"ಒಳಗೆ ಗುಂಡಿತ್ತು. ನಾನು ನೋಡ್ಲಿಲ್ಲ. ತಪ್ಪು ನಂದು."

ಸಾರ್ಜೆಂಟ್ ಪೆನ್ನು ಎತ್ತಿ ಹಿಡಿದರು. "ಸರಿಯಾಗಿ ಯೋಚ್ನೆ ಮಾಡಿ. ಇದನ್ನ ಬರೆದ್ರೆ ನಿಮ್ಮ ಲೈಸೆನ್ಸ್ ಹೋಗುತ್ತೆ. ಸೋಮವಾರದ ಕೆಲ್ಸಾನೂ ಹೋಗುತ್ತೆ. ಈ ದ್ವೀಪದಲ್ಲಿ ನಿಮ್ಮ ಕೈಗೆ ಇನ್ಯಾರೂ ಬಂದೂಕು ಕೊಡಲ್ಲ."

"ಬರೀರಿ. ಕುಡಿದಿದ್ದೆ ಅಂತ್ಲೂ ಬರೀರಿ. ನೋಡ್ದೆ ನೋಡಿದ್ದೆ ಅಂತ ಸುಳ್ಳು ಹೇಳೋಕೆ ಹೊರಟಿದ್ದೆ ಅಂತ್ಲೂ ಬರೀರಿ."

ಅವನು ತುಟಿಗೆ ಹನಿ ಸೋಕಿಸಿದವನಲ್ಲ. ಅದು ಯಾರ ಮಾತು, ಯಾರ ಸಾಲ ತೀರುತ್ತಿದೆ ಎಂದು ಗೋಡೆಗೆ ಒರಗಿದ್ದ ಅತ್ತೆಗೆ ತಿಳಿಯಿತು. ಅವರು ಜಪಮಾಲೆಯನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಎಡ್ಸೆಲ್ ಬಲಗೈಯಲ್ಲಿ ಸಹಿ ಹಾಕಿದ. ಚೀಲದೊಳಗೆ ಗೀಚಾಟ ನಿಂತಿತು. ಸಾರ್ಜೆಂಟ್ ಅದನ್ನು ಎತ್ತಿಕೊಂಡಾಗ ಅದರಡಿ ಮೇಜಿನ ಮೇಲೆ ಆರು ಒಣ ಜೀರುಂಡೆ ಚಿಪ್ಪುಗಳಿದ್ದವು. "ಮನೆ ಗುಡಿಸಿಕೊಳ್ಳಿ ನಾಂಗ್," ಎಂದು ಅತ್ತೆಗೆ ಹೇಳಿ ಹೊರಟುಹೋದರು.

ಕೆಲಸ ಹೋಯಿತು. ಎಡ್ಸೆಲ್ ಈಗ ಕೊಬ್ಬರಿ ಮಂಡಿಯಲ್ಲಿ ಮೂರು ಬೆರಳಿನ ಎಡಗೈಯಲ್ಲಿ ತಕ್ಕಡಿ ಹಿಡಿಯುತ್ತಾನೆ. ಗಾಯ ಪೂರ್ತಿ ಮಾಯಲೇ ಇಲ್ಲ. ವರ್ಷಕ್ಕೊಮ್ಮೆ, ಆ ಶುಕ್ರವಾರ, ಒಸರುತ್ತದೆ. ಅವನು ಬಟ್ಟೆ ಸುತ್ತಿಕೊಂಡು ಸುಮ್ಮನಿರುತ್ತಾನೆ. ಕುಡಿದು ಬೆರಳು ಕಳಕೊಂಡ ಮೇಷ್ಟ್ರು ಎಂದು ಮಂಡಿಯ ಹುಡುಗರು ಆಡಿಕೊಳ್ಳುತ್ತಾರೆ. ಅದು ಅವನಿಗೆ ಇಂದಿಗೂ ಚುಚ್ಚುತ್ತದೆ.

ಮಗಳಿಗೆ ಎರಡು ವರ್ಷ ತುಂಬಿದಾಗ, ಒಂದು ಬೆಳಿಗ್ಗೆ, ಹಾಲು ಕುಡಿದ ಲೋಟವನ್ನು ತಲೆಕೆಳಗು ಮಾಡಿ ಅವಳು ಎಲ್ಲರಿಗೂ ತೋರಿಸಿದಳು. ಆ ಪದ ಎಲ್ಲಿ ಕಲಿತಳೋ.

"ಖಾಲಿ," ಎಂದಳು.

ಮೂವರೂ ನಿಂತಲ್ಲೇ ನಿಂತರು. ದೇವರ ಗೂಡಿನ ಮೇಲೆ ಮೊಳೆಯೊಂದೇ ಇತ್ತು. ಕಿವಿಗೊಟ್ಟು ಕಾದರು. ಹೊರಗೆ ಕೋಳಿ ಕೆದಕುತ್ತಿತ್ತು, ಬೇರೆ ಸದ್ದಿಲ್ಲ.

ಪಾನಿಂಗ್ ಅತ್ತೆ ಮೊಮ್ಮಗಳ ಕೈಯಿಂದ ಲೋಟ ತೆಗೆದುಕೊಂಡು ಒಳಗೆ ಇಣುಕಿದರು. "ಹೌದು ಇಂದಾಯ್, ಖಾಲಿ," ಎಂದರು, ಇಪ್ಪತ್ತೊಂಬತ್ತು ವರ್ಷದ ಮೇಲೆ ಮೊದಲ ಸಲ. ಮರಿಫೆ ಮೆಲ್ಲಗೆ ಅಂದು ನೋಡಿದಳು. ಇಬ್ಬರೂ ನಗುತ್ತ ಅಕ್ಕಿ ಡಬ್ಬ, ಹೂಜಿ, ಬುಟ್ಟಿ ಒಂದೊಂದನ್ನೇ ಎತ್ತಿ ಆ ಮಾತು ಹೇಳಿದರು.

ಎಡ್ಸೆಲ್ ಮಾತ್ರ ಹೇಳಲಿಲ್ಲ. ಮಗಳನ್ನು ಎತ್ತಿಕೊಂಡು, ಅಕ್ಕಿಗೆ ಹೋಗಬೇಕು ಎಂದ.