ಬೇಲಿಗಿಡದ ಸಾಲಿನ ಹುಳು

ಬೇಲಿಗಿಡದ ಸಾಲಿನಲ್ಲಿ ಒಂದು ಮರಿಹುಳು ಮಾತ್ರ ದಪ್ಪಗಾಗುತ್ತಿತ್ತು. ಅದನ್ನು ಕಂಡು ಸಂಶೋಧಕಿಗೆ ಮೈಯೆಲ್ಲ ಉರಿಯಿತು.

ಗಿಡಹೇನು ತಿಂದು ಬೆಳೆಯುವ ಗುಲಗಂಜಿ ಹುಳುವಿನ ಮರಿಗಳನ್ನು ಅವಳು ಎರಡು ಸಾಲು ಗಾಜಿನ ತಟ್ಟೆಗಳಲ್ಲಿ ಸಾಕಿದ್ದಳು. ಎರಡೂ ಸಾಲಿಗೆ ಹಾಕುತ್ತಿದ್ದದ್ದು ಒಂದೇ ಜಾತಿಯ ಕರಿ ಹೇನು. ಒಂದು ಸಾಲಿನವು ಅಲಸಂದೆಯ ರಸ ಹೀರಿದ ಹೇನು, ಇನ್ನೊಂದರವು ಬೇಲಿಗಿಡದ ಕಹಿ ರಸ ಹೀರಿದವು. ಅಲಸಂದೆ ಸಾಲಿನ ಮರಿಗಳು ತಿಂದುಂಡು ಸುಖವಾಗಿದ್ದವು. ಬೇಲಿಗಿಡದ ಸಾಲಿನವು ಸೊರಗಿ ಸಾಯುತ್ತಿದ್ದವು, ಆ ಒಂದನ್ನು ಬಿಟ್ಟು.

ಸಾಕುಕೋಣೆಯ ಬೀಗದ ಕೈ ಇನ್ನೊಬ್ಬನ ಬಳಿಯೂ ಇತ್ತು. ಗಿಡ ಬೆಳೆಸಿಕೊಡುವ ತೋಟಗಾರ. ಹೋದ ವಾರ ಅವಳೇ ನಾಚಿಕೆ ಬಿಟ್ಟು "ಮದುವೆ ಆಗೋಣ್ವಾ?" ಎಂದು ಕೇಳಿದ್ದಕ್ಕೆ "ಬೇಡ" ಎಂದಷ್ಟೇ ಹೇಳಿ, ನೀರಿನ ಪೈಪು ಹಿಡಿದುಕೊಂಡು ಹೊರಟುಹೋದ ಮಹಾನುಭಾವ.

ಹಸಿರುಮನೆಯಲ್ಲಿ ಅವನು ಅಲಸಂದೆ ಬಳ್ಳಿಗೆ ದಾರ ಕಟ್ಟುತ್ತಿದ್ದ. ಅವಳು ತಟ್ಟೆಯನ್ನು ಅವನ ಮೂಗಿನಡಿ ಹಿಡಿದಳು.

"ಇದಕ್ಕೆ ಅಲಸಂದೆ ಹೇನು ಹಾಕಿದ್ದು ನೀನೇ ತಾನೆ?"

ಅವನ ಕಿವಿ ಕೆಂಪಾಯಿತು. ಸುಳ್ಳು ಹೇಳಲು ಬಾರದ ಕಿವಿ ಅದು. ಅವಳಿಗೆ ಅವನಲ್ಲಿ ಮೊದಲು ಇಷ್ಟವಾದದ್ದೂ ಅದೇ. ಇವತ್ತು ಹಿಡಿದು ಹಿಂಡಬೇಕೆನಿಸಿತು.

"ಹೂಂ, ಡಾಕ್ಟ್ರಮ್ಮ."

"ಇನ್ನೂ ಡಾಕ್ಟ್ರಾಗಿಲ್ಲ, ನಿನ್ ಕೃಪೆಯಿಂದ ಆಗೋದೂ ಇಲ್ಲ! ನನ್ ಮೇಲೆ ಏನ್ ಸೇಡು ನಿಂಗೆ?"

"ಸೇಡಲ್ಲ." ಅವನು ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟಿದ. "ಪೊರೆ ಬಿಡೋಕಾಗ್ದೆ ಒದ್ದಾಡ್ತಿತ್ತು. ನೋಡೋಕಾಗ್ಲಿಲ್ಲ."

"ಉಳಿದವು ಒದ್ದಾಡ್ಲಿಲ್ವಾ?"

ಅವನು ದಾರ ಕೆಳಗಿಟ್ಟ.

"ಕಹಿ ತಿಂದದ್ದು ಒಂದಾದ್ರೂ ಬದುಕುತ್ತಾ ನೋಡ್ಬೇಕಿತ್ತು. ನೀನೇ ಹೇಳಿದ್ದಲ್ವಾ, ಹೇನು ನೋಡೋಕೆ ಒಂದೇ ಥರ, ಆದ್ರೆ ಕುಡಿದದ್ದು ಒಳಗೇ ಇರುತ್ತೆ ಅಂತ. ನಮ್ಮಪ್ಪ ದಿನಾ ಅಮ್ಮನ್ನ ಹೊಡೀತಿದ್ದ. ನಾನು ಬೆಳೆದದ್ದೇ ಅದನ್ನ ನೋಡ್ಕೊಂಡು. ನೂಲಿನಂತೆ ಸೀರೆ ಅಂತಾರೆ. ನಾಳೆ ನಿಂಗೆ, ನಮ್ ಮಕ್ಕಳಿಗೆ... ಅದಕ್ಕೇ ಬೇಡ ಅಂದೆ. ನೀನು ಇಷ್ಟ ಇಲ್ದೆ ಅಲ್ಲ."

ತನ್ನಲ್ಲೇ ಏನೋ ಕೊರತೆಯೆಂದು ಅವಳು ವಾರವಿಡೀ ಅತ್ತಿದ್ದಳು. ಈಗ ಅವನಿಗಾಗಿ ಅಳು ಬಂತು. ಹಾಗೇನೂ ಆಗುವುದಿಲ್ಲ ಎಂದು ಖಾತ್ರಿ ಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಕಹಿ ರಸ ಏನು ಮಾಡುತ್ತದೆಂದು ದಿನವೂ ಕಂಡವಳು ಅವಳು.

"ಇದು ಇನ್ಮೇಲೆ ನನ್ ಲೆಕ್ಕಕ್ಕೆ ಬರಲ್ಲ," ಎಂದು ತಟ್ಟೆಯನ್ನು ಅವನ ಕೈಗಿಟ್ಟಳು. "ಅಲಸಂದೆ ಹೇನು ಹಾಕಿ ನೀನೇ ಇದನ್ನ ಸಾಕು. ಏನಾಗುತ್ತೋ ಇಬ್ರೂ ನೋಡೋಣ."

ಕೋಶ ಒಡೆದು ಹುಳು ಹೊರಬಂದ ಎರಡು ದಿನಕ್ಕೆ ಅವನೇ ತಟ್ಟೆ ಹಿಡಿದುಕೊಂಡು ಅವಳ ಮೇಜಿನ ಬಳಿ ಬಂದ. ಹುಳು ಅಲಸಂದೆ ಸಾಲಿನವುಗಳಿಗಿಂತ ಚಿಕ್ಕದು, ಒಂದು ರೆಕ್ಕೆ ಸೊಟ್ಟ. ಬಣ್ಣ ಮಾತ್ರ ಅಪ್ಪಟ ಕೆಂಪು.

"ಸೊಟ್ಟ ಇದೆ," ಎಂದ ಅವನು.

"ಇದೆ."

"ಹಾರುತ್ತಾ?"

"ಗೊತ್ತಿಲ್ಲ. ಹೊಟ್ಟೆ ತುಂಬ ತಿಂತಾ ಇದೆಯಲ್ಲ."

ಅವನು ನಗಲು ಹೋಗಿ ಕಣ್ಣೊರೆಸಿಕೊಂಡ. "ನಂಗಿನ್ನೂ ಹೆದರಿಕೆ ಹೋಗಿಲ್ಲ ಕಣೇ."

ಅವಳು ಅವನ ಮಣ್ಣು ಮೆತ್ತಿದ ಕೈ ಹಿಡಿದಳು. ಇನ್ನೊಂದು ಕೈಯಲ್ಲಿ ಅವನು ಹುಳುವಿಗೆ ಅಲುಗಾಟ ತಾಗದಂತೆ ತಟ್ಟೆಯನ್ನು ಎದೆಗೊತ್ತಿಕೊಂಡಿದ್ದ.

"ನಂಗೂ ಹೆದರಿಕೆ ಇದೆ," ಎಂದಳು. "ಹೆದರ್ಕೊಂಡೇ ಬಾ."