ತಿಂಗಳಿಗೆ ಏಳು ಮಾತ್ರೆ

"ಯಾರ್ರೀ ನನ್ನ ಮುಖ ಅಳಿಸಿದ್ದು?"

ಸ್ಟುಡಿಯೋ ಬಾಗಿಲು ದಡಾರ್ ಅಂತ ತೆರೆದ ರಭಸಕ್ಕೆ ಅವಳ ಕೈಲಿದ್ದ ಕತ್ತರಿ ಜಾರಿತು. ಎದುರಿಗೆ ಗ್ರೀಸ್ ಮೆತ್ತಿದ ಅಂಗಿಯ ಮೆಕ್ಯಾನಿಕ್. ಕೆನ್ನೆ ತುಂಬ ಕೆಂಡದಂಥ ಮೊಡವೆ. ಮುಷ್ಟಿಯಲ್ಲಿ ಅವನದೇ ಆರು ಫೋಟೋ.

"ಲೈಸೆನ್ಸ್ ಆಫೀಸಿನವರು ವಾಪಸ್ ಕಳಿಸಿದ್ರು. 'ಇದು ನೀನಲ್ಲ, ನಿನ್ನ ತಮ್ಮ ಇರಬೇಕು' ಅಂದ್ರು! ಸಾಲಲ್ಲಿ ನಿಂತಿದ್ದೋರೆಲ್ಲ ನಕ್ಕರು, ಗೊತ್ತಾ?"

ಅಳಿಸಿದ್ದು ಅವಳೇ. ಕಂಪ್ಯೂಟರಲ್ಲಿ ಜನರ ಮುಖದ ಕಲೆ ತೆಗೆಯೋದೇ ಅವಳ ಕೆಲಸ. ದಿನಕ್ಕೆ ನಲವತ್ತು ಮುಖ ನುಣುಪು ಮಾಡುತ್ತಿದ್ದಳು... ತನ್ನದೊಂದನ್ನು ಬಿಟ್ಟು!

"ಚೆನ್ನಾಗಿ ಕಾಣಲಿ ಅಂತ..."

"ಅಂದ್ರೆ ಹೀಗಿದ್ರೆ ಚೆನ್ನಾಗಿಲ್ಲ, ಅಲ್ವಾ?"

ಅವಳು ತಲೆಯೆತ್ತಿದಳು. ಅವಳ ಗಲ್ಲದ ಮೇಲಿನ ಮೊಡವೆ ಕಂಡಿದ್ದೇ ತಡ, ಅವನು ಫೋಟೋಗಳನ್ನು ಜೇಬಿಗೆ ತುರುಕಿದ.

"ತಪ್ಪಾಯ್ತು... ಇನ್ನೊಂದು ತೆಗೀರಿ," ಅಂದ ಮೆಲ್ಲಗೆ.

ಮುಖ ನೋಡಿ ಮಣೆ ಹಾಕೋ ಈ ಜನರ ಮಧ್ಯೆ ಬೆಂದವರಿಗೆ ಬೆಂದವರ ಉರಿ ಬೇಗ ಗೊತ್ತಾಗುತ್ತೆ. 'ಅರಿಶಿನ ಹಚ್ಚು', 'ಎಣ್ಣೆ ತಿಂಡಿ ಬಿಡು' ಅಂತ ಕೇಳದೇ ಬುದ್ಧಿ ಹೇಳೋರಿಗೆ ಏನು ಗೊತ್ತು? ಒಂದೇ ತಿಂಗಳಲ್ಲಿ 'ನೀವು' ಹೋಗಿ 'ನೀನು' ಬಂತು. ಚರ್ಮದ ಡಾಕ್ಟರ ಹತ್ತಿರ ಇಬ್ಬರೂ ಒಟ್ಟಿಗೇ ಹೋದರು.

ಡಾಕ್ಟರಮ್ಮ ಅವನಿಗೆ ದಿನಾ ಒಂದು ಮಾತ್ರೆ ಬರೆದರು. "ನಿನ್ನದು ಗಂಟು ಮೊಡವೆ. ನನ್ನನ್ನ ಕೇಳದೆ ನಿಲ್ಲಿಸಬೇಡ. ಗುಳಿ ಬಿದ್ರೆ ಪೂರ್ತಿ ಹೋಗಲ್ಲ."

ಅವಳಿಗೂ ಅದೇ ಮಾತ್ರೆ. ಆದರೆ ತಿಂಗಳಿಗೆ ಏಳೇ ದಿನ. "ನಿನ್ನದು ಅಷ್ಟು ಜೋರಿಲ್ಲಮ್ಮ. ನಿಧಾನ ಆಗುತ್ತೆ, ಆದ್ರೆ ಮೈಗೆ ಕಾಟ ಕಮ್ಮಿ."

ಹೊರಗೆ ಬಂದ ಮೇಲೆ ಅವನು ಕಣ್ಣು ಮಿಟುಕಿಸಿದ. "ನಾನು ದಿನಗೂಲಿ. ನೀನು ಸಾಹುಕಾರ್ತಿ, ತಿಂಗಳಿಗೆ ಒಂದು ವಾರ ಬಂದ್ರೆ ಸಾಕು!"

ಎಷ್ಟು ನಕ್ಕಿದ್ದಳು ಅವತ್ತು...

ನಾಲ್ಕು ತಿಂಗಳಲ್ಲಿ ದಿನಗೂಲಿಯ ಮುಖ ತಿಳಿಯಾಯಿತು. ಅವಳದು ಒಂದು ಹೋದರೆ ಎರಡು ಬರುತ್ತಿತ್ತು.

ಒಂದು ಭಾನುವಾರ ಅವನ ಮನೆ ಹೊಸಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದಾಗ ಒಳಗಿಂದ ಅವನ ಅಕ್ಕನ ದನಿ ಕೇಳಿತು. "ಈಗ ನೋಡು, ರಾಜಕುಮಾರ! ಇನ್ನು ಲಕ್ಷಣವಾಗಿರೋ ಹುಡುಗೀರೇ ಸಾಲು ನಿಲ್ತಾರೆ."

ಅವನು ನಕ್ಕ.

ಬೇರೇನೂ ಇಲ್ಲ, ಆ ನಗು ಒಂದೇ. ಅವಳ ಎದೆ ಸೀಳೋಕೆ ಅಷ್ಟೇ ಸಾಕಾಯಿತು. 'ಹಾಗಾದರೆ ನಾನು ಲಕ್ಷಣವಾಗಿಲ್ಲ...' ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೊರಟುಬಿಟ್ಟಳು.

ಅವನು ಫೋನ್ ಮಾಡಿದಾಗ ಒಂದೇ ಮಾತು ಅಂದಳು. "ನಿನ್ನ ಹೊಸ ಮುಖಕ್ಕೆ ತಕ್ಕೋಳನ್ನ ಹುಡುಕ್ಕೋ."

"ಏಯ್ ಸ್ಟುಡಿಯೋ, ಏನಾಯ್ತೇ? ಯಾಕೆ..."

ಕಟ್!

ಮನೆಯಲ್ಲಿ ಮೂರು ತಿಂಗಳಿಗಾಗೋ ಇಪ್ಪತ್ತೊಂದು ಮಾತ್ರೆ ಇದ್ದವು. ದಿನಾ ಒಂದರಂತೆ ನುಂಗಿದಳು. ಬೇಗ ಗುಣವಾಗಬೇಕು, ಅವನ ಸಮ ನಿಲ್ಲಬೇಕು... ಆಮೇಲೆ ಮಾತು. ತುಟಿ ಬಿರಿಯಿತು. ಒಂದು ಮಧ್ಯಾಹ್ನ ಯಾರದೋ ಮದುವೆ ಆಲ್ಬಮ್ ಮೇಲೆ ಅವಳ ಮೂಗಿಂದ ರಕ್ತ ತೊಟ್ಟಿಕ್ಕಿತು. ಮೊಡವೆ ಮಾತ್ರ ಕಮ್ಮಿಯಾಗಲಿಲ್ಲ, ಇನ್ನೂ ಜೋರಾಯಿತು. ಮಾತ್ರೆ ಮುಗಿದವು, ಇನ್ನಷ್ಟು ಕೇಳೋಕೆ ಡಾಕ್ಟರಮ್ಮನ ಮುಂದೆ ಹೋಗುವ ಧೈರ್ಯ ಇರಲಿಲ್ಲ. ಅವನಿಗೆ ಮುಖ ತೋರಿಸುವ ಧೈರ್ಯವಂತೂ ಮೊದಲೇ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಸ್ಟುಡಿಯೋಗೆ ಅವನ ಅಕ್ಕ ಬಂದಳು, ಕಣ್ಣು ಕೆಂಪಗೆ.

"ಏನಮ್ಮಾ ಮಾಡಿದೆ ನನ್ನ ತಮ್ಮನಿಗೆ? ದಿನಾ ತಗೋಬೇಕಾದ ಮಾತ್ರೆ, ತಿಂಗಳಿಗೆ ಏಳೇ ನುಂಗ್ತಾನೆ. ಮುಖ ಮತ್ತೆ ಒಡೆದುಹೋಗಿದೆ. ಕೇಳಿದ್ರೆ, 'ಅವಳಿಗೆಷ್ಟೋ ನನಗೂ ಅಷ್ಟೇ' ಅಂತಾನೆ!"

ಅವಳು ಓಡಿದಳು.

ಗ್ಯಾರೇಜಲ್ಲಿ ಲಾರಿ ಕೆಳಗಿಂದ ಅವನು ತೆವಳಿ ಹೊರಬಂದ. ಕೆನ್ನೆ ಮೇಲೆ ಹಸಿ ಗಂಟುಗಳು. ನಡುವೆ ಹೊಸದಾಗಿ ಬಿದ್ದ ಗುಳಿಗಳು...

"ಯಾಕೆ ಹೀಗೆ ಮಾಡ್ಕೊಂಡೆ?" ಅವಳ ದನಿ ಒಡೆಯಿತು.

"ನನ್ನ ಮುಖ ವಾಸಿಯಾದ ಮೇಲಲ್ವಾ ನೀನು ಬಿಟ್ಟು ಹೋಗಿದ್ದು? ಹಳೇ ಮುಖ ವಾಪಸ್ ಬಂದ್ರೆ... ನೀನೂ ಬರ್ತೀಯೇನೋ ಅಂತ."

"ಅಕ್ಕ ಅಂದಾಗ ನೀನು ನಕ್ಕೆ!"

"ಕೇಳಿಸ್ಕೊಂಡಿದ್ಯಾ?" ಅವನು ಕಣ್ಣು ಮುಚ್ಚಿದ. "ನಕ್ಕು, 'ಸಾಲಲ್ಲಿ ಒಬ್ಬಳೇ ನಿಂತಿದಾಳೆ ಅಕ್ಕಾ, ಅವಳೇ ಸಾಕು' ಅಂದೆ. ಅಷ್ಟರಲ್ಲಿ ನೀನು ಹೋಗಿಬಿಟ್ಟಿರಬೇಕು."

ಅವಳು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತು ಬಿಕ್ಕಿದಳು. ಇಪ್ಪತ್ತೊಂದು ಮಾತ್ರೆಯ ಕಥೆ ಹೇಳಿದಳು.

"ಹುಚ್ಚೀ!" ಅವನು ಸ್ಪ್ಯಾನರ್ ಎಸೆದ. "ಏನಾದ್ರೂ ಆಗಿದ್ರೆ?"

"ನಿನಗೆ ಆಗಿಹೋಯ್ತಲ್ಲ!"

ಅವಳು ಅವನ ಕೆನ್ನೆಯ ಗುಳಿ ಮುಟ್ಟಿದಳು. ಇವು ಪೂರ್ತಿ ಹೋಗಲ್ಲ. ಅವಳಿಗೂ ಗೊತ್ತು, ಅವನಿಗೂ ಗೊತ್ತು. ಒಂದು ಮಾತು ಕೇಳದೆ ಹೊರಟಿದ್ದಕ್ಕೆ ಬಿದ್ದ ಗುಳಿ!

"ನಾಳೆ ಡಾಕ್ಟರಮ್ಮನ ಹತ್ತಿರ ಇಬ್ಬರೂ ಹೋಗಿ ಬೈಸ್ಕೊಳ್ಳೋಣ," ಅಂದಳು ಕಣ್ಣೊರೆಸಿಕೊಂಡು. "ಅವರು ಹೇಳಿದ ಹಾಗೆ ನೀನು ದಿನಾ ತಗೋ. ನಾನು ನನ್ನ ವಾರಕ್ಕೆ ಕಾಯ್ತೀನಿ."

"ನಾನೇ ಮುಂಚೆ ವಾಸಿಯಾಗಿಬಿಟ್ರೆ?"

"ಆಗು. ನಾನು ಹಿಂದೆ ಬರ್ತೀನಿ."

"ಎಷ್ಟು ಹಿಂದೆ?"

"ನೀನು ತಿರುಗಿದ್ರೆ ಕಾಣೋಷ್ಟು."

ಅವನು ಗ್ರೀಸ್ ಕೈಯನ್ನು ಅಂಗಿಗೆ ಒರೆಸಿ ಅವಳ ಕೈ ಹಿಡಿದ. "ನಾನು ತಿರುಗಿಕೊಂಡೇ ನಡೀತೀನಿ ಬಿಡೇ."