ಡ್ರಾಯಿಂಗ್ ಮೇಷ್ಟ್ರ ನಾಲ್ಕು ಪೀರಿಯಡ್ಡು

ಕಮಲ ಚಾಕ್‌ಪೀಸು, ಡಸ್ಟರು ಹಿಡಿದು ಏಳನೇ ಕ್ಲಾಸಿನೊಳಗೆ ಕಾಲಿಟ್ಟರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬೆಂಚುಗಳ ಮೇಲೆ ಚೀಲಗಳಿದ್ದವು, ಬೋರ್ಡಿನ ಮೇಲೆ ನಿನ್ನೆ ಅವಳೇ ಬರೆದ ಭಿನ್ನರಾಶಿಯಿತ್ತು. ಮಕ್ಕಳು ಮಾತ್ರ ಮಾಯ.

ಶಾಲೆಯ ಹಿಂದಿನಿಂದ ನಗು ಕೇಳಿಸಿತು. ಹೋಗಿ ನೋಡಿದರೆ ಹುಣಸೆಮರದ ಕೆಳಗೆ ಮೂವತ್ತೆಂಟು ಮಕ್ಕಳೂ ಮೊಣಕೈವರೆಗೆ ಕೆರೆಮಣ್ಣು ಮೆತ್ತಿಕೊಂಡು ಕೂತಿದ್ದರು. ಅವರ ನಡುವೆ ಪ್ಯಾಂಟು ಮಡಚಿಕೊಂಡು, ಅವರಷ್ಟೇ ಮಣ್ಣಾಗಿ, ಒಬ್ಬ ಗಂಡಸು.

"ಇದು ನನ್ನ ಪೀರಿಯಡ್ಡು," ಅಂದಳು ಕಮಲ.

"ಇನ್ನೂ ಬೆಲ್ ಹೊಡೆದಿಲ್ವಲ್ಲ ಮೇಡಂ?"

"ಹೊಡೆದು ಇಪ್ಪತ್ತು ನಿಮಿಷ ಆಯ್ತು."

ಅವನು ವಾಚಿನ ಮೇಲಿನ ಮಣ್ಣನ್ನು ಅಂಗಿಗೆ ಒರೆಸಿ, ಕಿವಿಗಿಟ್ಟು ಕೇಳಿದ. "ನಿಂತೋಗಿದೆ. ನಾನು ಖುಷಿಯಾಗಿದ್ದಾಗೆಲ್ಲ ಇದು ಹಿಂಗೇ ಮಾಡುತ್ತೆ." ಎದ್ದು ಆ ಮಣ್ಣುಗೈಯಲ್ಲೇ ನಮಸ್ಕಾರ ಮಾಡಿದ. "ನಾನು ಪುಟ್ಟರಂಗಯ್ಯ ಅಂತ, ಹೊಸ ಡ್ರಾಯಿಂಗ್ ಮೇಷ್ಟ್ರು. ಕ್ರಾಫ್ಟು, ಹಾಡು, ನಾಟಕ ಎಲ್ಲಾ ನನ್ನ ತಲೆಗೇ ಕಟ್ಟಿದಾರೆ."

"ಗಣಿತಾನೂ ಕಟ್ಟಿಬಿಡಲಿ."

"ಅಯ್ಯೋ, ಅದೊಂದು ಬೇಡಿ. ನಾನೇ ಅದರಲ್ಲಿ ಎರಡು ಸಲ ಡುಮ್ಕಿ ಹೊಡೆದೋನು."

ಮಕ್ಕಳು ಗೊಳ್ಳೆಂದರು. ಕಮಲಳಿಗೂ ನಗು ಬಂದೇಬಿಟ್ಟಿತ್ತು. ಅದನ್ನು ತುಟಿಯಲ್ಲೇ ಹಿಡಿದಿಡಬೇಕಾಯಿತಲ್ಲ ಎಂದು ಅವಳ ಸಿಟ್ಟು ಇನ್ನಷ್ಟು ಏರಿತು.

ಅದು ಎಪ್ಪತ್ತೊಂಬತ್ತರ ಜುಲೈ. ಕಮಲ ತುಮಕೂರಿನ ಉಪ್ಪಾರಹಳ್ಳಿಯ ಮನೆಯಿಂದ ಗುಬ್ಬಿಯ ಶಾಲೆಗೆ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಬಂದುಹೋಗುತ್ತಿದ್ದಳು. ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ. ಹಿಂದಿನ ವರ್ಷ ಹನ್ನೊಂದು ಮಕ್ಕಳು ಗಣಿತದಲ್ಲಿ ಫೇಲಾದಾಗ, ಒಬ್ಬ ತಂದೆ ಶಾಲೆಯ ಅಂಗಳದಲ್ಲೇ, ಅವಳ ಕಣ್ಣೆದುರೇ, ಮಗಳನ್ನು ಬಡಿದಿದ್ದ. ಆ ಏಟಿನ ಸದ್ದು ಇವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಅಂದು ಸಂಜೆಯೇ ಅರ್ಜಿ ಬರೆದಳು. ವಾರಕ್ಕೆ ನಾಲ್ಕು ಪೀರಿಯಡ್ಡು ಚಿತ್ರ, ಕ್ರಾಫ್ಟು, ಹಾಡಿಗೆ ಹೋಗುತ್ತಿವೆ. ಅವನ್ನು ಗಣಿತಕ್ಕೆ ಕೊಡಿಸಬೇಕು. ಹೆಡ್ಮಾಸ್ಟರ್ ಜಯರಾಮಯ್ಯ ಎರಡು ಸಲ ಓದಿದರು. "ಕಮಲಮ್ಮನೋರೇ, ನನ್ನ ಮನಸ್ಸಿನಲ್ಲಿದ್ದದ್ದನ್ನೇ ಬರೆದಿದೀರಿ," ಎಂದು ಡ್ರಾಯರಿನೊಳಗೆ ಇಟ್ಟುಕೊಂಡರು.

ಆಮೇಲೆ ಶನಿವಾರಗಳು ಶುರುವಾದವು. ಗುಬ್ಬಿಯಲ್ಲೇ ರೂಮು ಮಾಡಿಕೊಂಡಿದ್ದ ಪುಟ್ಟರಂಗಯ್ಯ ಬಣ್ಣದ ಕಾಗದ, ಗೋಂದು ತರಲು ಶನಿವಾರ ತುಮಕೂರಿಗೆ ಹೋಗುತ್ತಿದ್ದ. ಎಷ್ಟೇ ಸೀಟು ಖಾಲಿ ಇದ್ದರೂ ಬಂದು ಅವಳ ಎದುರಿಗೇ ಕೂರುತ್ತಿದ್ದ.

"ಇನ್ನೂ ಕೋಪ ಇದೆಯಾ ಮೇಡಂ?"

"ಇಲ್ಲ."

"ಮತ್ತೆ ಕಿಟಕಿ ಕಡೇನೇ ನೋಡ್ತಿದೀರಲ್ಲ?"

"ತೋಟ ನೋಡ್ತಿದೀನಿ."

"ಆ ಕಡೆ ಗೂಡ್ಸ್ ಗಾಡಿ ನಿಂತಿದೆ. ತೋಟ ಈ ಕಡೆ."

ಅವಳು ತಿರುಗಿದಳು. ತೋಟ ಕಾಣಲಿಲ್ಲ, ಅವನ ಕಿವಿಯ ತುದಿಗೆ ಅಂಟಿದ್ದ ಒಂದು ಚುಕ್ಕೆ ನೀಲಿ ಬಣ್ಣ ಕಂಡಿತು. ಹೇಳೋಣವೇ, ಬೇಡವೇ ಎಂದುಕೊಳ್ಳುವಷ್ಟರಲ್ಲಿ ತುಮಕೂರು ಬಂತು. ಭಾನುವಾರವೆಲ್ಲ ಆ ನೀಲಿ ಅವಳ ಕಣ್ಣೊಳಗೇ ಉಳಿಯಿತು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು.

"ಎಲ್ಲಿದೀಯೇ ಕಮಲ?" ಎಂದು ತಾಯಿ ಕೌಸಲ್ಯಮ್ಮ ಬಂದು ಒಲೆ ಆರಿಸಿದರು.

ಎಲ್ಲಿದ್ದೇನೆಂದು ಅವಳಿಗೇ ಗೊತ್ತಿದ್ದರಲ್ಲವೇ! ಕೂತರೆ ಎದ್ದು ಓಡಾಡಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತೋಚುತ್ತಿರಲಿಲ್ಲ. ಸರಿಯಾದ ಲೆಕ್ಕಕ್ಕೆ ತಪ್ಪು ಹಾಕಿ, ಮತ್ತೆ ಅಳಿಸುತ್ತಿದ್ದಳು. ಡ್ರಾಯರಿನೊಳಗಿನ ಅರ್ಜಿ ನೆನಪಾದಾಗಲೆಲ್ಲ ಬರೆಯಬಾರದಿತ್ತೇನೋ ಎನಿಸುತ್ತಿತ್ತು. ಮಕ್ಕಳ ಒಳ್ಳೆಯದಕ್ಕೇ ಬರೆದದ್ದಲ್ಲವೇ ಎಂದು ಮತ್ತೆ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಏಳನೇ ಕ್ಲಾಸಿನಲ್ಲಿ ಹನುಮಕ್ಕ ಎಂಬ ಹುಡುಗಿಯಿದ್ದಳು. ಮೂರು ವರ್ಷದಿಂದ ಹಿಂದಿನ ಬೆಂಚು. ಹಾಜರಿ ಕೂಗಿದಾಗಲೂ ಕೈಯೆತ್ತುವಳೇ ಹೊರತು ಬಾಯಿ ಬಿಡುವವಳಲ್ಲ. ಪುಟ್ಟರಂಗಯ್ಯ ತನ್ನ ನಾಟಕದಲ್ಲಿ ಡಂಗುರ ಸಾರುವ ಪಾರ್ಟನ್ನು ಬೇಕೆಂದೇ ಅವಳಿಗೆ ಕೊಟ್ಟ. ತಾನು ಮೈದಾನದ ಆ ತುದಿಯಲ್ಲಿ ನಿಂತು, "ಕೇಳಿಸ್ಲಿಲ್ಲ ಕಣವ್ವ, ನಂಗೆ ಕಿವಿ ಸ್ವಲ್ಪ ಮಂದ," ಎಂದು ಕೂಗುತ್ತಿದ್ದ. ಪ್ರತಿ ಪೀರಿಯಡ್ಡಿನಲ್ಲೂ ಹೀಗೇ. ಬೇರೆ ಕ್ಲಾಸಿಗೆ ಗಣಿತ ಮಾಡುತ್ತಿದ್ದ ಕಮಲ ಕಿಟಕಿಯಿಂದ ನೋಡಿ, ನೋಡದವಳಂತೆ ಬೋರ್ಡಿಗೆ ತಿರುಗುತ್ತಿದ್ದಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಗಣಿತದ ಕ್ಲಾಸಿನಲ್ಲಿ ಹನುಮಕ್ಕ ಎದ್ದು ನಿಂತಳು. ಕಣ್ಣು ನೆಲದ ಮೇಲಿತ್ತು. ದನಿ ಮಾತ್ರ ಗೋಡೆಗೆ ಬಡಿಯುವಷ್ಟು ಜೋರು.

"ಮಿಸ್, ನಂಗೆ ಇದು ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೇಳ್ಕೊಡಿ."

ಕಮಲ ಬೋರ್ಡಿನಿಂದ ತಿರುಗಿದಳು. ನಾಲ್ಕು ವರ್ಷದ ನೌಕರಿಯಲ್ಲಿ ಗೊತ್ತಾಗಲಿಲ್ಲವೆಂದು ಯಾವ ಮಗುವೂ ಅವಳಿಗೆ ಹೇಳಿರಲಿಲ್ಲ. ಹನುಮಕ್ಕನ ಹಿಂದೆಯೇ ಇನ್ನಿಬ್ಬರು ಎದ್ದರು, "ನಮ್ಗೂ ಮಿಸ್" ಎಂದು. ಫೇಲಾದ ಆ ಹನ್ನೊಂದು ಮಕ್ಕಳೂ ಬಾಯಿ ಮುಚ್ಚಿಕೊಂಡೇ ಮುಳುಗಿದ್ದರೆಂಬುದು ಕಮಲಳಿಗೆ ಆಗ ಹೊಳೆಯಿತು.

ಬೆಲ್ ಹೊಡೆದ ತಕ್ಷಣ ಜಯರಾಮಯ್ಯನವರ ರೂಮಿಗೆ ಓಡಿದಳು. "ಸಾರ್, ನನ್ನ ಅರ್ಜಿ ವಾಪಸ್ ಕೊಡಿ."

"ಅದನ್ನ ಆಗಲೇ ಮೇಲಕ್ಕೆ ಕಳಿಸಿದೆನಲ್ಲಮ್ಮ! ಇವತ್ತು ಆರ್ಡರೂ ಬಂತು. ಪೀರಿಯಡ್ಡೇ ಇಲ್ಲ ಅಂದ್ಮೇಲೆ ಮೇಷ್ಟ್ರು ಯಾಕೆ? ಅವರನ್ನ ಕುಣಿಗಲ್ ಕಡೆಗೆ ಹಾಕಿದಾರೆ. ಅವರೂರು ಮಾರ್ಕೋನಹಳ್ಳಿಗೆ ಹತ್ರಾನೇ, ಒಳ್ಳೇದೇ ಆಯ್ತು."

ಆ ಶನಿವಾರ ಅವನು ಟ್ರಂಕು, ಹಾಸಿಗೆ ಸುರುಳಿಯೊಂದಿಗೆ ಗುಬ್ಬಿ ಸ್ಟೇಷನ್ನಿನಲ್ಲಿದ್ದ. ಕಮಲ ಹತ್ತಿರ ಹೋಗಿ ನಿಂತಳು.

"ಅರ್ಜಿ ಬರೆದಿದ್ದು ನಾನು."

ಅವನು ನಕ್ಕ, ತಮಾಷೆಯೆಂದುಕೊಂಡು. ಆಮೇಲೆ ಅವಳ ಮುಖ ನೋಡಿದ. ನಗು ಹಾಗೇ ಇಳಿದುಹೋಯಿತು.

"ಯಾವಾಗ?"

"ಮೊದಲ ದಿನಾನೇ."

"ಅಂದ್ರೆ ಇಷ್ಟು ಶನಿವಾರಾನೂ ನನ್ನೆದುರಿಗೆ ಕೂತಾಗ..." ಅವನು ಹಾಸಿಗೆ ಸುರುಳಿ ಎತ್ತಿಕೊಂಡ. "ನನ್ನ ಒಂದು ಮಾತು ಕೇಳಬಹುದಿತ್ತು ಮೇಡಂ. ನಾಲ್ಕರಲ್ಲಿ ಎರಡು ನಾನೇ ಬಿಟ್ಕೊಡ್ತಿದ್ದೆ."

ರೈಲು ಬಂದಾಗ ಅವನು ಬೇರೆ ಡಬ್ಬಿ ಹತ್ತಿದ.

ನಾಲ್ಕು ಪೀರಿಯಡ್ಡುಗಳು ಕಮಲಳ ಪಾಲಿಗೆ ಬಂದವು. ಮೊದಲ ದಿನ ಒಳಗೆ ಹೋದರೆ ಮಕ್ಕಳು ಪುಸ್ತಕ ತೆಗೆದು, ತಲೆ ತಗ್ಗಿಸಿ ಕೂತಿದ್ದರು. ಅವಳಿಗೆ ಸಹಿಸಲಾಗಲಿಲ್ಲ. "ಏಳಿ, ಹುಣಸೆಮರದ ಹತ್ರ ನಡೀರಿ," ಅಂದಳು.

ಜಯರಾಮಯ್ಯ ಹಿಂದೆಯೇ ಬಂದರು. "ಇದೇನಮ್ಮ, ನೀವೇ ಕೇಳಿ ಇಸ್ಕೊಂಡ ಪೀರಿಯಡ್ಡು!"

"ಗಣಿತಕ್ಕೆ ನಾನು ದಿನಾ ಒಂದು ಗಂಟೆ ಮುಂಚೆ ಬರ್ತೀನಿ ಸಾರ್. ಮಕ್ಕಳೂ ಬರ್ತಾರೆ. ಅರ್ಧ ವಾರ್ಷಿಕ ಪರೀಕ್ಷೆ ತನಕ ನೋಡಿ, ಆಮೇಲೆ ಬೈಯಿರಿ."

ಮಾತು ಸುಲಭ, ಮಣ್ಣು ಕಷ್ಟ. ಅವಳು ಮಾಡಿಸಿದ ಕುಡಿಕೆಗಳೆಲ್ಲ ಒಣಗಿದ ಮೇಲೆ ಬಿರುಕುಬಿಟ್ಟವು. ಮೂರು ದಿನ ಯೋಚಿಸಿ ಮಾರ್ಕೋನಹಳ್ಳಿಗೆ, ಪುಟ್ಟರಂಗಯ್ಯನಿಗೆ, ಇನ್‌ಲ್ಯಾಂಡ್ ಲೆಟರ್ ಬರೆದಳು: ಮಣ್ಣು ಯಾಕೆ ಬಿರುಕುಬಿಡುತ್ತದೆ? ಹತ್ತು ದಿನ ಪೋಸ್ಟ್‌ಮ್ಯಾನ್ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಪಾಠದ ನಡುವೆಯೇ ಬಾಗಿಲಿಗೆ ಬರುತ್ತಿದ್ದಳು. ಹನ್ನೊಂದನೇ ದಿನ ಉತ್ತರ ಬಂತು. ಎರಡೇ ಸಾಲು: 'ಬಿಸಿಲಿಗೆ ಇಡಬೇಡಿ. ನೆರಳಿನಲ್ಲಿ ನಿಧಾನಕ್ಕೆ ಒಣಗಲಿ.'

ಅವಳು ಮತ್ತೆ ಬರೆದಳು: ನಾಟಕದಲ್ಲಿ ರಾಜನ ಪಾರ್ಟಿನವನು ನಗುತ್ತಾನೆ, ಏನು ಮಾಡಲಿ? ಉತ್ತರ: 'ನಗಲಿ ಬಿಡಿ. ರಾಜನಾದರೇನು, ನಗಬಾರದೇ?' ಮುಂದಿನದರಲ್ಲಿ ಕಮಲ ಹಾಡಿನ ರಾಗ ಕೇಳಿದಳು. ಕಾಗದದಲ್ಲಿ ರಾಗ ಕಳಿಸುವುದು ಹೇಗೆಂದು ಅವನು ಕೇಳಿದ. ಕೆಳಗೆ, ಪೆನ್ಸಿಲಿನಲ್ಲಿ, ಹುಬ್ಬು ಗಂಟಿಕ್ಕಿಕೊಂಡು ಕಿಟಕಿ ನೋಡುತ್ತಿರುವ ಒಬ್ಬ ಹೆಂಗಸನ್ನು ಬರೆದಿದ್ದ. ಅವಳು ಆ ಕಾಗದವನ್ನು ಭೂಮಿತಿ ಪುಸ್ತಕದಲ್ಲಿಟ್ಟುಕೊಂಡು ರೈಲಿನಲ್ಲಿ ಎಷ್ಟು ಸಲ ತೆಗೆದು ನೋಡಿದಳೋ.

ಅರ್ಧ ವಾರ್ಷಿಕದಲ್ಲಿ ಗಣಿತಕ್ಕೆ ಇಬ್ಬರೇ ಫೇಲು. ಜಯರಾಮಯ್ಯ ಬೈಯಲಿಲ್ಲ, ಹೊಸ ಟೈಂಟೇಬಲ್ಲಿನಲ್ಲಿ ಆ ನಾಲ್ಕು ಪೀರಿಯಡ್ಡಿಗೆ ಮತ್ತೆ 'ಚಿತ್ರ, ಕ್ರಾಫ್ಟು' ಎಂದು ತಾವೇ ಬರೆದರು. ಮೇಷ್ಟ್ರ ಜಾಗ ಮಾತ್ರ ಖಾಲಿ.

ಜನವರಿಯ ಒಂದು ಗುರುವಾರ ಕಮಲ ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಕೌಸಲ್ಯಮ್ಮನ ಕೈಯಲ್ಲಿದ್ದ ಮೊರ ನಿಂತಿತು.

"ನಮ್ಮೋರಲ್ಲವಲ್ಲೇ."

"ಅಲ್ಲ."

"ನಿಮ್ಮಪ್ಪ ಇದ್ದಿದ್ರೆ..." ಮೊರ ಕೆಳಗಿಟ್ಟು ಕೇಳಿದರು, "ಆ ಹುಡುಗ ಏನಂತಾನೆ?"

"ಇನ್ನೂ ಕೇಳಿಲ್ಲ."

"ಅವನನ್ನೇ ಕೇಳ್ದೆ ನನ್ನ ಹತ್ರ ಜಗಳಕ್ಕೆ ಬಂದ್ಯೇನೇ!"

ಎರಡು ದಿನ ಅವರು ಮಗಳೊಂದಿಗೆ ಮಾತಾಡಲಿಲ್ಲ. ಭಾನುವಾರ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಒಳಗಿನಿಂದಲೇ, "ಕತ್ತಲಾಗೋದ್ರೊಳಗೆ ಬಾ," ಅಂದರು.

ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ ಮಾರ್ಕೋನಹಳ್ಳಿ ತಲುಪಿದಾಗ ಹನ್ನೆರಡು ದಾಟಿತ್ತು. ರಸ್ತೆಗೆ ಅಂಟಿಕೊಂಡೇ ಇದ್ದ ತೆಂಗಿನ ತೋಟದ ಮನೆ. ಪುಟ್ಟರಂಗಯ್ಯನ ತಾಯಿ ಗಂಗಲಕ್ಷ್ಮಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಕಾಗ್ದ ಬರೆಯೋ ಮೇಡಮ್ಮ ನೀವೇ ಏನವ್ವ? ನಮ್ಮನೇಲಿ ಊಟ ಮಾಡ್ತೀರಾ, ಇಲ್ಲ ಎಳನೀರೇ ಕೊಡ್ಲಾ?"

"ಊಟಾನೇ ಹಾಕಿ, ಹಸಿವಾಗಿದೆ."

ಮುದ್ದೆಯನ್ನು ಅವಳು ಅಗಿಯುತ್ತಿರುವುದನ್ನು ಕಂಡು ಗಂಗಲಕ್ಷ್ಮಮ್ಮ ಬಾಯಿಗೆ ಸೆರಗಿಟ್ಟು ನಕ್ಕರು. "ಅಗೀಬಾರ್ದು ಕಣವ್ವ, ನುಂಗು. ಹೋಗ್ಲಿ ಬುಡು, ಕಲ್ತ್ಕೊತೀಯ."

ಕಾಲುವೆ ಕಡೆಯಿಂದ ಬಂದ ಪುಟ್ಟರಂಗಯ್ಯ ಬಾಗಿಲಲ್ಲೇ ನಿಂತ. ಹಳೇ ಬನಿಯನ್ನು, ಮೇಲಕ್ಕೆ ಕಟ್ಟಿದ ಲುಂಗಿ, ಕಾಲಿಗೆ ಕೆಸರು. ಕಾಲು ತೊಳೆದು ಬಂದು ಅವಳ ಎದುರಿಗೇ ಊಟಕ್ಕೆ ಕೂತ. ಆಮೇಲೆ ಇಬ್ಬರೂ ಕಾಲುವೆ ಏರಿಯ ಮೇಲೆ ನಡೆದರು.

"ಈ ಸಲ ಏನು ಡೌಟು ಮೇಡಂ? ರಾಜ ಇನ್ನೂ ನಗ್ತಾನಾ?"

"ಫೆಬ್ರವರಿಯಲ್ಲಿ ನಾಟಕ. ನೀವು ಬರಬೇಕು."

"ಅದನ್ನ ಕಾಗದದಲ್ಲೇ ಬರೀಬಹುದಿತ್ತು."

"ಇನ್ನೊಂದನ್ನ ಬರೆಯೋಕಾಗ್ಲಿಲ್ಲ." ಅವಳು ನೀರು ನೋಡಿದಳು, ತೋಟ ನೋಡಿದಳು, ಕೊನೆಗೆ ಅವನನ್ನೇ ನೋಡಿದಳು. "ನಿಮ್ಮನ್ನ ಕಳಿಸಿದ್ದು ನಾನು. ಅವತ್ತಿಂದ ನಂಗೆ ಕೂತಲ್ಲಿ ಕೂರೋಕಾಗ್ತಿಲ್ಲ. ಮೊದಲು ತಪ್ಪು ಮಾಡಿದ್ದಕ್ಕೆ ಅಂದ್ಕೊಂಡೆ. ಈಗ ಅದಲ್ಲ ಅಂತ ಗೊತ್ತಾಗಿದೆ. ನನ್ನ ಮದುವೆ ಆಗ್ತೀರಾ?"

ಅವನು ನಿಂತುಬಿಟ್ಟ. "ನಿಮ್ಮ ಮನೇಲಿ?"

"ಅಮ್ಮನಿಗೆ ಹೇಳಿದೀನಿ. ಒಪ್ಪಿಲ್ಲ. ಬೇಡ ಅಂತಾನೂ ಅಂದಿಲ್ಲ."

"ನಾನು ಬೇಡ ಅಂದಿದ್ರೆ? ಸುಮ್ನೆ ತಾಯಿ ಹತ್ರ ಬೈಸ್ಕೊಂಡ ಹಾಗಾಗ್ತಿತ್ತಲ್ಲ?"

"ಬೈಸ್ಕೊಂಡಿರ್ತಿದ್ದೆ, ಅಷ್ಟೇ."

ಅವನು ಒಂದು ಹೆಜ್ಜೆ ಹತ್ತಿರ ಬಂದ. ಆಮೇಲೆ ಮೆಲ್ಲಗೆ, ಮೊದಲ ಸಲ, 'ಮೇಡಂ' ಇಲ್ಲದೆ ಕರೆದ. "ಕಮಲಾ, ಸ್ಟೇಷನ್ನಲ್ಲಿ ಬೇರೆ ಡಬ್ಬಿ ಹತ್ತಿದೆನಲ್ಲ, ಮುಂದಿನ ಸ್ಟೇಷನ್ ಬರೋ ಅಷ್ಟರಲ್ಲೇ ಇಳಿದು ಬರಬೇಕು ಅನ್ನಿಸ್ತು. ಟ್ರಂಕು ಬಿಟ್ಟು ಬರೋ ಹಾಗಿರಲಿಲ್ಲ."

ಕಮಲಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಈ ಸಲ ಎರಡನ್ನೂ ತಡೆಯಲಿಲ್ಲ.

ಕುಣಿಗಲ್ಲಿನ ಬಸ್ಸು ದೂರದಲ್ಲಿ ಹಾರ್ನ್ ಹೊಡೆಯಿತು. ಅವಳು ಓಡಿ ಹೋಗಿ ಹತ್ತಿದಳು, ಕಿಟಕಿಯ ಪಕ್ಕ ಕೂತು ಕೆಳಗೆ ನೋಡಿದಳು. ಅಲ್ಲಿ ಅವನಿರಲಿಲ್ಲ. ಪಕ್ಕದ ಸೀಟಿನಲ್ಲಿದ್ದ.

"ಇದೇನು!"

"ನಿಮ್ಮಮ್ಮನ್ನ ನೀವೊಬ್ರೇ ಯಾಕೆ ಎದುರಿಸ್ಬೇಕು? ನಾನೂ ಬರ್ತೀನಿ."

ಬಸ್ಸು ಹೊರಟಿತು. ಮನೆಯ ಮುಂದೆ ಹಾದುಹೋಗುವಾಗ ಗಂಗಲಕ್ಷ್ಮಮ್ಮ ಬೇಲಿಯವರೆಗೆ ಓಡಿಬಂದು ಕೂಗಿಕೊಂಡರು:

"ಲೇ ರಂಗ, ಮೈಮೇಲೆ ಒಂದು ಅಂಗಿನಾದ್ರೂ ಹಾಕ್ಕೊಂಡು ಹೋಗ್ಲಾ!"